ಏಕದಮ್ ಅಸಲ್ ಹಳ್ಳಿ

ಕಾಗವಾಡದಿಂದ ಮಂಗಸೂಳಿ ಕಡೆ ಹೋಗುವ ದಾರಿಯಲ್ಲಿ ಒಂದು ಫಾಟಾ ಇತ್ತು. ದಾರಿ ಕವಲೊಡೆಯುವ ಆ ಜಾಗದಲ್ಲಿ ಬಾಳಾಸಾಬನ ಚಹಾದಂಗಡಿ. ಒಳಗೆ ಕಟ್ಟಿಗೆಯ ಉದ್ದನೆಯ ಬಾಕು, ಗಾಜಿನ ಗ್ಲಾಸು, ಹೊಗೆಗೆ ಮಸುಕಾದ ದೇವರ ಫೋಟೋ. ಹೊರಗೆ, ಪಕ್ಕದ ಗೋಡೆಗೆ ಹೊಡೆದ ಮೊಳೆಗಳಲ್ಲಿ ಕೇರಿಯವರ ಕಪ್ಪುಗಳು.

ಒಂದರ ಹಾಗೆ ಇನ್ನೊಂದಿಲ್ಲ. ಅಲ್ಯುಮಿನಿಯಮ್ಮಿನ ಜರ್ಮನ್ ಲೋಟ, ತೆಂಗಿನ ಚಿಪ್ಪು, ಪಿಂಗಾಣಿ ಕಪ್ಪು, ಎಣ್ಣೆಯ ಡಬ್ಬಿ ಕತ್ತರಿಸಿ ಮಾಡಿದ್ದು. ಒಬ್ಬೊಬ್ಬರದಕ್ಕೆ ಒಂದೊಂದು ಗುರುತು. ಕೆಂಪು ದಾರ, ಸುಣ್ಣದ ಬೊಟ್ಟು, ಅಂಚಿನ ತಗ್ಗು. ರುಕ್ಮವ್ವನದು ಗುಲಾಬಿ ಹೂವಿನ ಪಿಂಗಾಣಿ ಕಪ್ಪು. ಹಿಡಿಕೆ ಮುರಿದಿತ್ತು. ಸುಟ್ಟ ಮೋಟಾರಿನ ತಾಮ್ರದ ತಂತಿ ಸುತ್ತಿ ಅವಳೇ ಹೊಸ ಹಿಡಿಕೆ ಮಾಡಿಕೊಂಡಿದ್ದಳು.

ಪದ್ಧತಿ ಸರಳ. ತನ್ನ ಕಪ್ಪು ತಾನೇ ಇಳಿಸಿಕೊಳ್ಳಬೇಕು. ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ಹಿಡಿಯಬೇಕು. ಬಾಳಾಸಾಬ ಕಿಟ್ಲಿಯನ್ನು ಗೇಣು ಮೇಲೆತ್ತಿ ಹೊಯ್ಯುತ್ತಾನೆ. ಕಿಟ್ಲಿಯ ಮೂತಿ ಕಪ್ಪಿಗೆ ತಾಗಬಾರದು. ಗಾಳಿ ಬೀಸಿದರೆ ಅರ್ಧ ಚಹಾ ಮುಂಗೈ ಮೇಲೆ. ಕುಡಿದು, ತೊಳೆದು, ಮೊಳೆಗೆ ಹಾಕಿ ಹೊರಡಬೇಕು.

ರುಕ್ಮವ್ವ ರಾವಸಾಹೇಬನ ದ್ರಾಕ್ಷಿ ತೋಟದ ಕೂಲಿ. ದಿನವಿಡೀ ಚಪ್ಪರದ ಕೆಳಗೆ ಕೈ ಎತ್ತಿ ನಿಲ್ಲುವ ಕೆಲಸ. ಔಷಧ ತುಂಬಿದ ಮಗ್ಗಿನಲ್ಲಿ ಒಂದೊಂದೇ ಗೊಂಚಲನ್ನು ಅದ್ದುವುದು. ಸಂಜೆಗೆ ಕುತ್ತಿಗೆ ಕೆಳಗೆ ಇಳಿಯುತ್ತಿರಲಿಲ್ಲ. ಉಗುರಿನ ಸುತ್ತ ಚರ್ಮ ಸುಲಿಯುತ್ತಿತ್ತು. ರೊಟ್ಟಿಗೆ ಖಾರ ಹಚ್ಚಿಕೊಂಡರೆ ಬಾಯಿಗಿಂತ ಮೊದಲು ಬೆರಳು ಉರಿಯುತ್ತಿತ್ತು. ನಿದ್ದೆಯಲ್ಲೂ ಅವಳ ಕೈ ಮೇಲೇಳುತ್ತಿತ್ತು. "ಕನಸಿನ್ಯಾಗೂ ರಾವಸಾಹೇಬಗ ದುಡೀತಿಯಲ್ಲ ಬೇ, ಪಗಾರಾದರೂ ಕೇಳು" ಎಂದು ಗಂಡ ನಗುತ್ತಿದ್ದ.

ಹಿಂದಿನ ಮಳೆಗಾಲದಲ್ಲಿ ಜ್ವರ ಮೈಮೇಲಿಟ್ಟುಕೊಂಡು ಅವಳು ಅಂಗಡಿಯ ಬಾಗಿಲ ಸೂರಿನಡಿ ನಿಂತಿದ್ದಳು. ಅಷ್ಟೇ. ಒಳಗೆ ಹೋಗಿರಲಿಲ್ಲ. ಅವಳು ಸರಿದ ಮೇಲೆ ಬಾಳಾಸಾಬ ಚರಿಗೆಯಲ್ಲಿ ನೀರು ತಂದು ಅವಳು ನಿಂತ ಜಾಗ ತೊಳೆದ. ಸುರಿಯುವ ಮಳೆಯಲ್ಲಿ ನೆಲ ತೊಳೆದವನನ್ನು ಅವಳು ಅವತ್ತೇ ಮೊದಲು ಕಂಡಿದ್ದು. ನಗು ಬಂತು. ಮನೆಗೆ ಬಂದ ಮೇಲೆ ಅಳು ಬಂತು. ಅವತ್ತೇ ನೆಗೆಣ್ಣಿ ಕಾಳವ್ವನ ಮುಂದೆ ಅಂದಳು: "ಆ ಬಾಕಿನ ಮ್ಯಾಲ ಕುಂತು ಚಾ ಕುಡದ ಸಾಯಾಕಿ ನಾ."

"ಕುಡದು ಸಾಯ್ತಿಯೋ, ಕುಡಿಯಾಕ ಹೋಗಿ ಸಾಯ್ತಿಯೋ, ನೋಡ್ಕೊ ಅಕ್ಕಾ" ಅಂದಳು ಕಾಳವ್ವ.

ತೊಂಬತ್ತೆರಡರ ಚಳಿಗಾಲ. ದ್ರಾಕ್ಷಿಗೆ ಔಷಧ ಮಾಡುವ ಮುಂಬಯಿಯ ಕಂಪನಿಯೊಂದು ತನ್ನ ಡೀಲರುಗಳಿಗೆ ಪಾರ್ಟಿ ಇಟ್ಟಿತು. ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ಅಂಗಡಿಯವರೆಲ್ಲ ಬರುವವರು. ಮುಂಬಯಿಯಿಂದ ದೊಡ್ಡ ಸಾಹೇಬನೇ ಬರುವವನು. ಜಾಗ ರಾವಸಾಹೇಬನ ತೋಟದ ಬಂಗಲೆ. ರಾವಸಾಹೇಬನಿಗೆ ಈ ಭಾಗದ ಪೂರ್ತಿ ಏಜೆನ್ಸಿ ಬೇಕಿತ್ತು. ಅದಕ್ಕೆ ಬಂಗಲೆಗೆ ಗುಲಾಬಿ ಬಣ್ಣ ಹೊಡೆಸಿದ. ಮೀರಜಿನಿಂದ ಮದುವೆ ಸೋಫಾ ತರಿಸಿದ. ಥರ್ಮಾಕೋಲಿನಲ್ಲಿ ಎರಡು ಹಂಸ, ಒಂದು ತಾಜಮಹಲು, ಕಂಪನಿಯ ಔಷಧದ ಆಳೆತ್ತರದ ಬಾಟಲಿ ಮಾಡಿಸಿ ನಿಲ್ಲಿಸಿದ. ಹೆಂಡತಿ ಕಾಶಿಬಾಯಿ ಹಂಸದ ಕೊರಳಿಗೆ ತನ್ನ ಮುತ್ತಿನ ಸರ ಹಾಕಿದಳು.

ಆಗ ಮುಂಬಯಿಯಿಂದ ಸಿಂಗಾರ ಮಾಡುವವನು ಬಂದ. ಹಿಂದೆ ಜುಟ್ಟು ಕಟ್ಟಿದ ತರುಣ. ಮರಾಠಿಯಲ್ಲಿ ಮಾತಾಡುತ್ತಿದ್ದ; ಗಡಿಯ ಊರು, ಅದು ಎಲ್ಲರಿಗೂ ತಿಳಿಯುತ್ತಿತ್ತು. ನಡುನಡುವೆ ಕ್ರಿಯೇಟಿವ್ ಅನ್ನುತ್ತಿದ್ದ. ಅದು ಅವನ ಅಡ್ಡಹೆಸರು ಎಂದುಕೊಂಡು ಕೇರಿಯ ಹೆಂಗಸರು ಕಿರ್ಯಾಟಿ ಸಾಹೇಬ ಅಂದರು. ಅವನೂ ಓಗೊಟ್ಟ.

ಕಿರ್ಯಾಟಿ ಸಾಹೇಬ ಹಂಸ ನೋಡಿ ಕಣ್ಣು ಮುಚ್ಚಿಕೊಂಡ. "ತೆಗೀರಿ. ಎಲ್ಲಾ ತೆಗೀರಿ. ಮುಂಬಯಿಯವರು ಥರ್ಮಾಕೋಲ್ ನೋಡಾಕ ಇಲ್ಲೀತನಕ ಬರತಾರೇನು? ಹಳ್ಳಿ ಬೇಕು. ಏಕದಮ್ ಅಸಲ್ ಹಳ್ಳಿ."

"ಇದು ಹಳ್ಳೀನ ಅಲ್ರಿ ಸಾಹೇಬ?" ರಾವಸಾಹೇಬ ಕೇಳಿದ.

"ಇದು ಹಳ್ಳಿ ಹಂಗ ಕಾಣಂಗಿಲ್ಲ."

ಬಂಗಲೆಗೆ ಜೋಳದ ಕಣಿಕೆ ಹೊದಿಸಲು ಹೇಳಿದ. ಗುಲಾಬಿ ಗೋಡೆಗೆ ಕೆಮ್ಮಣ್ಣು ಬಳಿಸಿದ. ಸಂಜೆಗೆ ಬಂಗಲೆ ಹೋಗಿ ಗುಡಿಸಲಾಯಿತು. ರಾವಸಾಹೇಬ ಅಂಗಳದಲ್ಲಿ ನಿಂತು ನಿಟ್ಟುಸಿರಿಟ್ಟ. "ಗುಡಸಲದಾಗಿಂದ ಬಂಗಲೇಕ ಬರಾಕ ನಮ್ಮಪ್ಪನ ಜನ್ಮಾನ ಹೋತು. ಈ ಜುಟ್ಟಿನಾಂವ ಒಂದ ದಿನದಾಗ ಹೊಳ್ಳಿ ಗುಡಸಲಕ್ಕ ಕಳಿಸಿದ." ಕಾಶಿಬಾಯಿ ಹಂಸದ ಕೊರಳಿನ ಸರ ಬಿಚ್ಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗೊಂಚಲು ಅದ್ದುವ ಹೆಂಗಸರನ್ನೆಲ್ಲ ಹಳ್ಳಿ ಕಟ್ಟಲು ಹಚ್ಚಿದರು. ಮಣ್ಣು ತುಳಿದರು. ಗೋಡೆ ಎತ್ತಿದರು. ಸೆಗಣಿ ಸಾರಿಸಿದರು. ಸೊಂಟ ಹಿಡಿದು ಏಳಲಾಗದೆ ರುಕ್ಮವ್ವ ಒಂದು ಗಳಿಗೆ ಮೊಣಕಾಲ ಮೇಲೆಯೇ ಉಳಿದಳು. ಕಿರ್ಯಾಟಿ ಸಾಹೇಬ ಮೂಗಿಗೆ ಕರವಸ್ತ್ರ ಹಿಡಿದು ಬಂದ. ಸೆಗಣಿ ತಾಜಾ ಇರಲಿ, ವಾಸನೆ ಮಾತ್ರ ಬೇಡ ಅಂದ.

"ವಾಸನಿ ಇಲ್ಲದ ಸೆಗಣಿ ಹಾಕೂ ಎಮ್ಮಿ ಮುಂಬಯ್ಯಾಗ ಸಿಗತಾವು ಕಾಣತೈತಿ" ಅಂದಳು ಕಾಳವ್ವ, ಕನ್ನಡದಲ್ಲಿ. ಸಾಹೇಬ ನಕ್ಕು ತಲೆಯಾಡಿಸಿದ.

ಚಾವಡಿ ಎದ್ದಿತು. ಕಟ್ಟೆ ಎದ್ದಿತು. ಬಣವೆ, ಕಮ್ಮಾರನ ಕುಲುಮೆ, ಗುಡಿ, ಎಲ್ಲ ಎದ್ದವು. ರುಕ್ಮವ್ವ ಕೈ ತೊಳೆಯುತ್ತ ಸುತ್ತ ನೋಡಿದಳು.

"ಸಾಹೇಬ್ರ, ಎಲ್ಲಾ ಆತು. ನಮ್ಮ ಕೇರಿ ಎಲ್ಲಿ ಬರತೈತ್ರಿ?"

ಕೇರಿ ಅಂದರೇನು ಎಂದು ಅವನು ರಾವಸಾಹೇಬನನ್ನು ಕೇಳಿದ. ರಾವಸಾಹೇಬ ಕಂಪೌಂಡಿನ ಆಚೆ ಎಲ್ಲೋ ಕೈ ಮಾಡಿ, "ಅದೇನ ದೊಡ್ಡ ಮಾತಲ್ರಿ. ಜಾಗಾ ಸಾಲಂಗಿಲ್ಲ ಬಿಡ್ರಿ" ಅಂದ.

"ಅಸಲ ಊರು ಕಟ್ಟೂ ಮುಂದನೂ ಹಿಂಗ ಅಂದಿರಬೇಕು" ಎಂದು ರುಕ್ಮವ್ವ ಕಾಳವ್ವನ ಕಿವಿಯಲ್ಲಿ ಅಂದಳು.

ಪಾರ್ಟಿಯ ಹಿಂದಿನ ದಿನ ಕಿರ್ಯಾಟಿ ಸಾಹೇಬ ಫಾಟಾದಲ್ಲಿ ಚಹಾ ಕುಡಿಯಲು ನಿಂತ. ಗೋಡೆಯ ಕಪ್ಪುಗಳ ಮೇಲೆ ಅವನ ಕಣ್ಣು ಬಿತ್ತು. ಗ್ಲಾಸು ಕೈಯಲ್ಲೇ ಉಳಿಯಿತು. ಹತ್ತಿರ ಹೋದ. ಹಿಂದೆ ಸರಿದು ನೋಡಿದ. ಬೆರಳಲ್ಲಿ ಚೌಕಟ್ಟು ಮಾಡಿ ನೋಡಿದ. ತಾಮ್ರದ ತಂತಿಯ ಹಿಡಿಕೆ ಮುಟ್ಟಿ, ಇಂಥ ಕೆಲಸ ಮುಂಬಯಿಯ ದೊಡ್ಡ ಕಲಾವಿದರಿಗೂ ಹೊಳೆಯುವುದಿಲ್ಲ ಅಂದ. ಯಾರ ಕಪ್ಪು ಎಂದು ಕೇಳಿದ.

"ಮುತ್ಯಾನ ಕಾಲದ್ದು ಸಾಹೇಬ" ಅಂದ ಬಾಳಾಸಾಬ. "ಬೇಕಾದ್ರ ಒಯ್ರಿ."

ಒಯ್ಯುವ ಬೆಲೆ ಕುದುರಿತು. ಬಾಳಾಸಾಬ ಕೋಲಿನ ತುದಿಯಿಂದ ಒಂದೊಂದೇ ಕಪ್ಪನ್ನು ಎತ್ತಿ ಚೀಲಕ್ಕೆ ಇಳಿಸಿದ. ಸಾಹೇಬ ಅದನ್ನೂ ಏನೋ ಹಳ್ಳಿಯ ಕೌಶಲ ಅಂದುಕೊಂಡ. ನಾಳೆ ಪಾರ್ಟಿಗೆ ಬಂದು ಚಹಾ ಹೊಯ್ದುಕೊಡು ಎಂದು ಬಾಳಾಸಾಬನನ್ನೂ ಗೊತ್ತು ಮಾಡಿದ.

ಮರುದಿನ ನಸುಕಿಗೆ ಕೇರಿಯವರು ಬಂದರೆ ಗೋಡೆಯಲ್ಲಿ ಬರೀ ಮೊಳೆ.

"ಕಪ್ಪು ಎಲ್ಲಿ ಹೋದೂ?"

"ಹೋದೂ. ಬ್ಯಾರೇವ ತರ್ರಿ. ಚಾ ಇವತ್ತ ಬೇಕಂದ್ರ ಬೊಗಸಿ ಒಡ್ಡ್ರಿ, ಆರಿಸಿ ಹೊಯ್ತೇನಿ."

ತೋಟದ ಕಾವಲುಗಾರ ತುಕಾರಾಮ ಮುದುಕ. ರಾತ್ರಿಯೆಲ್ಲ ಚಳಿಯಲ್ಲಿ ಕೂತು ಬಂದಿದ್ದ. ಅವನು ಕೆಳಗೆ ಕೂತು ಬೊಗಸೆ ಒಡ್ಡಿದ. ಚಹಾ ಬೆರಳ ಸಂದಿಯಿಂದ ಸೋರಿ ಮೊಣಕೈವರೆಗೆ ಇಳಿಯಿತು. ಉಳಿದದ್ದನ್ನು ಅವನು ದನ ನೀರು ಕುಡಿದಂತೆ ಕುಡಿದ. ಆಮೇಲೆ ಅಂಗೈ ನೆಕ್ಕಿದ.

ರುಕ್ಮವ್ವ ಬೊಗಸೆ ಒಡ್ಡಲಿಲ್ಲ. ಚಹಾ ಇಲ್ಲದೆ ತೋಟಕ್ಕೆ ನಡೆದಳು.

ಅಲ್ಲಿ ಹೊಸ ಹಳ್ಳಿಯ ನಡುವೆ ಹೊಸ ಚಹಾದಂಗಡಿ. ಮುಂದಿನ ಗೋಡೆಗೆ ಸಾಲಾಗಿ ಮೊಳೆ. ಚೀಲ ಅವಳ ಕೈಗೆ ಕೊಟ್ಟು, ಕಪ್ಪುಗಳನ್ನು ಚೆಂದ ತೂಗುಹಾಕು ಅಂದರು. ಚೀಲ ಬಿಚ್ಚಿದಳು. ಗುಲಾಬಿ ಹೂವು ಮೇಲೆಯೇ ಇತ್ತು.

ಕಾಳವ್ವನ ಬಾಯಿ ತೆರೆದೇ ಉಳಿಯಿತು. "ಅಕ್ಕಾ, ಇವು... ಇದರಾಗ ಆ ಮಂದಿ ಕುಡಿಯಾವ್ರೇನ? ಹೇಳಿಬಿಡು. ಆಮ್ಯಾಲ ಗೊತ್ತಾದ್ರ ನಮ್ಮ ಚರ್ಮಾ ಸುಲೀತಾರ."

"ಕೇಳಿದ್ರ ಹೇಳತೇನಿ."

ರಾವಸಾಹೇಬ ದೊಡ್ಡ ಸಾಹೇಬನನ್ನು ಕರೆತರಲು ಮೀರಜಿನ ಸ್ಟೇಶನ್ನಿಗೆ ಹೋಗಿದ್ದ. ಇದ್ದವನು ಕಿರ್ಯಾಟಿ ಸಾಹೇಬ ಒಬ್ಬ. ಅವನು ಬಂದು ಗೋಡೆ ನೋಡಿ ಕೇಳಿಯೂ ಕೇಳಿದ. "ಹೆಂಗ ಕಾಣತಾವು? ಅಸಲ್?"

"ಅಸಲ ಅದಾವ್ರಿ" ಅಂದಳು ರುಕ್ಮವ್ವ. "ಇದಕ್ಕಿಂತ ಅಸಲ ಎಲ್ಲಿ ಹುಡಕಿದ್ರೂ ಸಿಗಂಗಿಲ್ರಿ."

ಸಂಜೆ ಕಂದೀಲು ಹತ್ತಿದವು. ಹೊಸ ಸಫಾರಿ ಹೊಲಿಸಿಕೊಂಡು ಬಂದ ಡೀಲರುಗಳಿಗೆ ಬಾಗಿಲಲ್ಲೇ ಕಂಬಳಿ ಹೊದಿಸಿ ಫೇಟಾ ಸುತ್ತಿದರು. ಅವರು ಒಬ್ಬರನ್ನೊಬ್ಬರು ನೋಡಿ ನಗಲಾರದೆ ನಿಂತರು. ನಿಪ್ಪಾಣಿಯ ಒಬ್ಬ ಮಾತ್ರ, "ನಮ್ಮ ಆಳು ಹಿಂಗ ಕಾಣತಾನಲೇ" ಅಂದ. ಹಳ್ಳಿಯವರ ವೇಷಕ್ಕೆ ಸಾಂಗಲಿಯಿಂದ ಬರಬೇಕಿದ್ದ ನಾಟಕದವರು ಬರಲಿಲ್ಲ. ಕಿರ್ಯಾಟಿ ಸಾಹೇಬ ರುಕ್ಮವ್ವ, ಕಾಳವ್ವ, ತುಕಾರಾಮ ಎಲ್ಲರನ್ನೂ ಎಳೆದು ಕಟ್ಟೆಯ ಮೇಲೆ ಕೂಡಿಸಿದ.

"ನಾವೇನ ಮಾಡೂದ್ರಿ?"

"ಏನೂ ಮಾಡಬ್ಯಾಡ್ರಿ. ಹಳ್ಳಿ ಮಂದಿ ಹಂಗ ಕಾಣ್ರಿ. ಸಾಕು."

ಇಷ್ಟು ವರ್ಷ ಕಾಣದಂತೆ ಇರಲು ಕಲಿತವರಿಗೆ ಈಗ ಕಾಣುವುದು ಹೇಗೆ ಎಂದು ತಿಳಿಯಲಿಲ್ಲ. ತುಕಾರಾಮ ಕೈಮುಗಿದುಕೊಂಡೇ ಕೂತ.

ದೊಡ್ಡ ಸಾಹೇಬ ಬಂದ. ದೀಪ ಹಚ್ಚುವುದಿಲ್ಲ, ರಿಬ್ಬನ್ ಕತ್ತರಿಸುವುದಿಲ್ಲ, ಹಳ್ಳಿಯ ಚಹಾ ಕುಡಿದೇ ಉದ್ಘಾಟನೆ ಎಂದು ಕಿರ್ಯಾಟಿ ಸಾಹೇಬ ಮೈಕಿನಲ್ಲಿ ಸಾರಿದ. ಪ್ರತಿಯೊಂದು ಕಪ್ಪೂ ಬೇರೆ, ಪ್ರತಿಯೊಂದಕ್ಕೂ ಒಂದು ಕತೆಯಿದೆ, ನಿಮ್ಮ ಕಪ್ಪನ್ನು ನೀವೇ ಆರಿಸಿಕೊಳ್ಳಿ ಅಂದ. ದೊಡ್ಡ ಸಾಹೇಬ ನೇರ ಹೋಗಿ ಗುಲಾಬಿ ಹೂವಿನದನ್ನು ಇಳಿಸಿದ. ಕಟ್ಟೆಯ ಮೇಲೆ ಕಾಳವ್ವ ರುಕ್ಮವ್ವನ ತೊಡೆ ಚಿವುಟಿದಳು.

ರಾವಸಾಹೇಬ ಹಿಂದೆಯೇ ಇದ್ದ. ಅಂಚು ತಗ್ಗಿದ ಜರ್ಮನ್ ಲೋಟವನ್ನು ದೊಡ್ಡ ಸಾಹೇಬ ತಾನೇ ಅವನ ಕೈಗೆ ಕೊಟ್ಟ. ರಾವಸಾಹೇಬ ಲೋಟ ನೋಡಿದ. ಗೋಡೆ ನೋಡಿದ. ದಿನಾ ಬೆಳಿಗ್ಗೆ ಜೀಪಿನಲ್ಲಿ ಹೋಗುವಾಗ ಕಾಣುತ್ತಿದ್ದ ತುಕಾರಾಮನ ಲೋಟ ಅದು. ಕಟ್ಟೆಯ ಮೇಲೆ ತುಕಾರಾಮ ಕೈಮುಗಿದು ಕೂತಿದ್ದ. ರಾವಸಾಹೇಬನ ಫೇಟಾದ ಕೆಳಗಿಂದ ಬೆವರು ಇಳಿಯಿತು.

"ಸಾಹೇಬ, ನನಗ ಸಕ್ಕರಿ ರೋಗ ಐತ್ರಿ."

"ಬೆಲ್ಲದ ಚಹಾ" ಅಂದ ಕಿರ್ಯಾಟಿ ಸಾಹೇಬ.

"ಇವತ್ತ ಉಪವಾಸ ಐತ್ರಿ."

"ಉಪವಾಸಕ್ಕ ಚಹಾ ನಡೀತೈತಿ" ಅಂದ ಅಥಣಿಯ ಡೀಲರು. ಅವನಿಗೂ ಏಜೆನ್ಸಿ ಬೇಕಿತ್ತು. ಮರುಗಳಿಗೆ ಅವನ ಕೈಗೆ ತೆಂಗಿನ ಚಿಪ್ಪು ಬಂತು. ಅವನೂ ಸುಮ್ಮನಾದ. ಅಥಣಿಯಲ್ಲೂ ಗೋಡೆಗಳಿಗೆ ಮೊಳೆಗಳಿದ್ದವು.

ಬಾಳಾಸಾಬ ಕಿಟ್ಲಿ ಹಿಡಿದು ಬಂದ. ಆ ಕಪ್ಪುಗಳನ್ನು ಕಂಡರೆ ಅವನ ಕೈ ಅವನ ಮಾತು ಕೇಳುತ್ತಿರಲಿಲ್ಲ. ತಾನಾಗಿ ಗೇಣು ಮೇಲೆ ಹೋಯಿತು. ಮೇಲಿಂದ ಧಾರೆ ಬಿತ್ತು. ದೊಡ್ಡ ಸಾಹೇಬ ಚಪ್ಪಾಳೆ ತಟ್ಟಿದ. "ವಾಹ್! ಏನು ಸ್ಟೈಲು! ಇನ್ನೂ ಮೇಲೆ!"

ಬಾಳಾಸಾಬ ಇನ್ನೂ ಮೇಲೆ ಎತ್ತಿದ. ರಾವಸಾಹೇಬನ ಮುಂಗೈ ಮೇಲೆ ಅರ್ಧ ಚಹಾ ಬಿತ್ತು. ಅವನು ತುಟಿ ಕಚ್ಚಿದ. ದೊಡ್ಡ ಸಾಹೇಬ ನೋಡುತ್ತಿದ್ದ. ಏಜೆನ್ಸಿ ನೋಡುತ್ತಿತ್ತು. ಕಣ್ಣು ಮುಚ್ಚಿ, ಔಷಧ ಕುಡಿದಂತೆ ಕುಡಿದ. ಅವನು ಕುಡಿದ ಮೇಲೆ ಸಾಲಿಗೆ ಸಾಲೇ ಕುಡಿಯಿತು.

ಕುಡಿದಾಯಿತು. ಕಪ್ಪು ಎಲ್ಲಿಡಬೇಕು? ಕಿರ್ಯಾಟಿ ಸಾಹೇಬ ಫಾಟಾದಲ್ಲಿ ವಿಚಾರಿಸಿಕೊಂಡು ಬಂದಿದ್ದ. ಮೈಕು ಹಿಡಿದ. "ಇಲ್ಲಿಯ ಪದ್ಧತಿ ಏನಂದ್ರ, ತಮ್ಮ ಕಪ್ಪು ತಾವ ತೊಳೀಬೇಕು. ತೊಳದು ಮೊಳೀಗೆ ಹಾಕಬೇಕು. ಎಂಥಾ ಸುಂದರ ಪದ್ಧತಿ!"

ದೊಡ್ಡ ಸಾಹೇಬ ಮೊದಲು ಕೂತ. ಅವನ ಹಿಂದೆ ಕಂಬಳಿ ಹೊದ್ದ ಡೀಲರುಗಳೆಲ್ಲ ನೀರಿನ ಬಾನಿಯ ಸುತ್ತ ಕುಕ್ಕರುಗಾಲಲ್ಲಿ ಕೂತರು. ಅವರಿಗೆ ಹಾಗೆ ಕೂತು ರೂಢಿಯಿಲ್ಲ. ರಾಯಬಾಗದವನು ಹಿಂದಕ್ಕೆ ಉರುಳಿದ. ರಾವಸಾಹೇಬ ತುಕಾರಾಮನ ಲೋಟ ತಿಕ್ಕಿದ.

ರುಕ್ಮವ್ವ ನಕ್ಕಳು. ಮೊದಲು ಸೆರಗು ಬಾಯಿಗೆ ತುರುಕಿಕೊಂಡಳು. ನಿಲ್ಲಲಿಲ್ಲ. ಹೊಟ್ಟೆ ಹಿಡಿದು, ಕಟ್ಟೆಯ ಮೇಲೆ ಹೊರಳಿ ನಕ್ಕಳು. ಕಾಳವ್ವ ನಕ್ಕಳು. ಕೈಮುಗಿದೇ ಇದ್ದ ತುಕಾರಾಮ ಕೆಮ್ಮುತ್ತ ನಕ್ಕ. ಹಳ್ಳಿಯವರು ಎಷ್ಟು ಸುಖಿಗಳು ಎಂದು ದೊಡ್ಡ ಸಾಹೇಬ ಫೋಟೋ ತೆಗೆಸಿದ.

ಅತಿಥಿಗಳು ಊಟಕ್ಕೆ ಹೋದರು. ರಾವಸಾಹೇಬ ಬಣವೆಯ ಹಿಂದೆ ಬಂದು ರುಕ್ಮವ್ವನ ಕೆನ್ನೆಗೆ ಬಾರಿಸಿದ. ಕಿವಿಯೊಳಗೆ ದುಂಬಿ ಹೊಕ್ಕಂತಾಯಿತು.

"ಯಾಕ ನಕ್ಕಿ?"

"ಕಪ್ಪು ತೊಳಿಯೂದು ನೋಡಿ ನಕ್ಕೇನ್ರಿ. ನಿಮಗ ತೊಳಿಯಾಕ ಬರಂಗಿಲ್ರಿ ಧಣೇರ. ಒಳಗ ಬೆರಳ ಹಾಕಬೇಕು."

ಇನ್ನೊಂದು ಬಿತ್ತು. ಊಟವಿಲ್ಲದೆ ಎಲ್ಲರನ್ನೂ ಹಿಂದಿನ ಗೇಟಿನಿಂದ ಹೊರಹಾಕಿದರು. ಅವರು ಕಟ್ಟಿದ ಹಳ್ಳಿಯಿಂದ ಮಸಾಲೆಯ ವಾಸನೆ ಕೇರಿಯವರೆಗೆ ಬರುತ್ತಿತ್ತು. ಕೇರಿಯ ಹಿರಿಯರು ಬೆಳಿಗ್ಗೆ ಹೋಗಿ ಕಾಲು ಹಿಡಿ ಅಂದರು. ರುಕ್ಮವ್ವ ಬಾತ ಕೆನ್ನೆಗೆ ಅಂಗೈ ಒತ್ತಿ ಮಲಗಿದಳು. ಆ ರಾತ್ರಿ ಅವಳ ಕೈ ಮೇಲೇಳಲಿಲ್ಲ.

ಬೆಳಿಗ್ಗೆ ಫಾಟಾದಲ್ಲಿ ಮೀರಜ ಕಡೆಯ ಬಸ್ಸು ನಿಂತಿತ್ತು. ಜನ ಇಳಿದು ಚಹಾ ಕುಡಿಯುತ್ತಿದ್ದರು. ಕಪ್ಪುಗಳ ಚೀಲ ಹೊತ್ತು ತಂದ ರಾವಸಾಹೇಬನ ಜೀಪೂ ನಿಂತಿತ್ತು. ಆ ಕಪ್ಪುಗಳು ತಮ್ಮ ಮೊಳೆಗೆ ತಿರುಗಿ ಹೋದದ್ದನ್ನು ಕಣ್ಣಾರೆ ನೋಡುವತನಕ ಅವನಿಗೆ ಸಮಾಧಾನವಿರಲಿಲ್ಲ. ಬಾಳಾಸಾಬ ಕೋಲಿನಿಂದ ಕೊನೆಯ ಕಪ್ಪು ತೂಗುಹಾಕಿದ. ಗುಲಾಬಿ ಹೂವು ಗೋಡೆಗೆ ಬಂತು.

"ಬರ್ರಿ, ತಗೋರಿ ನಿಮ್ಮ ನಿಮ್ಮವು" ಅಂದ.

ತುಕಾರಾಮ ಕೈ ಚಾಚಿದ. ರುಕ್ಮವ್ವ ಅವನ ಕೈ ಹಿಡಿದಳು.

"ಮುಟ್ಟಬ್ಯಾಡ ಮಾವಾ. ಮೈಲಿಗಿ ಆಗ್ಯಾವ."

ಬಾಳಾಸಾಬನಿಗೆ ಕೇಳಿಸಿಯೂ ಅರ್ಥವಾಗಲಿಲ್ಲ. "ಏನಂದಿ?"

"ಮೈಲಿಗಿ ಆಗ್ಯಾವ ಅಂದೆ. ಯಾರ್ಯಾರೋ ಬಾಯಿ ಹಚ್ಯಾರ. ನನ್ನ ಕಪ್ಪಿಗೆ ಮುಂಬಯ್ಯಾಂವ ಹಚ್ಯಾನ, ಅವನ ಕುಲಾ ಯಾವುದೋ ಯಾರಿಗೆ ಗೊತ್ತು. ನಮ್ಮ ಮಾವನ ಲೋಟಕ್ಕ ಹಚ್ಚಿದವ್ರು ಯಾರಂತ ಗೊತ್ತೈತಿ. ಅದಕ್ಕ ಇನ್ನೂ ಒಲ್ಲೆವು."

ಬಾಕಿನ ಮೇಲಿದ್ದ ಬಸ್ಸಿನವರು ಕಿವಿ ನಿಮಿರಿಸಿದರು. ಒಬ್ಬ ಕೇಳಿಯೇಬಿಟ್ಟ: "ಯಾರ ಹಚ್ಚಿದ್ರವ್ವಾ?"

ರಾವಸಾಹೇಬ ಜೀಪಿನಿಂದ ಇಳಿದ. "ಏ ರುಕ್ಮೀ! ಬಾಯಿ ಮುಚ್ಚು. ಇಲ್ಲಂದ್ರ ಇವತ್ತಿಂದ ತ್ವಾಟಕ್ಕ ಕಾಲಿಡಬ್ಯಾಡ."

"ಆತ್ರಿ. ಇಡಂಗಿಲ್ರಿ."

"ನಾನೂ ಇಡಂಗಿಲ್ರಿ" ಅಂದಳು ಕಾಳವ್ವ. ಅಂದ ಮೇಲೆ ತಾನೇ ಬೆಚ್ಚಿದಳು. ಅವಳ ಹಿಂದೆ ಉಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ತೋಟದ ದಾರಿ ಹಿಡಿಯಲಿಲ್ಲ. ರಾವಸಾಹೇಬನ ತೋಟದಲ್ಲಿ ಅರ್ಧ ಗೊಂಚಲು ಇನ್ನೂ ಅದ್ದುವುದಿತ್ತು. ಗೊಂಚಲು ಯಾರಿಗೂ ಕಾಯುವುದಿಲ್ಲ. ಅದು ಅವನಿಗೂ ಗೊತ್ತು, ಅವರಿಗೂ ಗೊತ್ತು.

ರುಕ್ಮವ್ವ ಸೂರಿನಡಿ ಬಂದಳು. ಹೊಸ್ತಿಲು ದಾಟಿದಳು. ಬಾಕಿನ ತುದಿಗೆ ಹೋಗಿ ಕೂತಳು. ಪಕ್ಕದಲ್ಲಿದ್ದ ಬಸ್ಸಿನವನು ಏನೂ ಅರಿಯದೆ ಸರಿದು ಜಾಗ ಕೊಟ್ಟ.

"ಹೊರಗ ನಡಿ!" ಬಾಳಾಸಾಬ ಕಿರುಚಿದ.

"ಹೋಗಬೇಕಂದ್ರ ಹೋಗತೇನಿ. ಮೊದಲ ಇವರು ಕೇಳಿದ್ದಕ್ಕ ಹೇಳಿ ಹೋಗತೇನಿ" ಅಂದು ಅವಳು ಬಸ್ಸಿನವನ ಕಡೆ ತಿರುಗಿದಳು. "ನಿನ್ನೆ ಏನಾತಂದ್ರ ಅಣ್ಣಾ, ನಮ್ಮ ಧಣೇರ ತ್ವಾಟದಾಗ ಒಂದು ಹಳ್ಳಿ ಕಟ್ಟಿದ್ದಿವಿ. ದೊಡ್ಡ ದೊಡ್ಡ ಮಂದಿ ಬಂದಿದ್ರು. ಈ ಬಾಳಾಸಾಬ ಕಿಟ್ಲಿ ಹಿಡಕೊಂಡು..."

"ಸಾಹೇಬ್ರ!" ಬಾಳಾಸಾಬ ರಾವಸಾಹೇಬನ ಕಡೆ ನೋಡಿದ. ಏನು ಮಾಡಲಿ ಎಂದು ಕಣ್ಣಲ್ಲೇ ಕೇಳಿದ.

ಬಸ್ಸಿನವರು ಗ್ಲಾಸು ಹಿಡಿದು ಕಾಯುತ್ತಿದ್ದರು. ಬಸ್ಸು ಇಲ್ಲಿಂದ ಕಾಗವಾಡ, ಅಲ್ಲಿಂದ ಮೀರಜ. ಮಾತು ಅದರ ಜೊತೆಗೇ ಹೋಗುತ್ತದೆ. ಸಂಜೆಗೆ ಮೀರಜಿನಲ್ಲಿರುವ ಕಾಶಿಬಾಯಿಯ ತವರುಮನೆ ಮುಟ್ಟುತ್ತದೆ. ರಾವಸಾಹೇಬನ ಮುಖ ಕೆಂಪಾಯಿತು, ಆಮೇಲೆ ಬೂದಿಯಾಯಿತು.

"ಒಂದ ಗ್ಲಾಸ ಚಾ ಕೊಟ್ಟ ಸಾಯಲೇ!" ಅಂದು ಜೀಪು ಹತ್ತಿದ. ಜೀಪು ಒಮ್ಮೆಗೆ ಚಾಲೂ ಆಗಲಿಲ್ಲ. ಅವನು ಅದಕ್ಕೂ ಬೈದ.

ಬಾಳಾಸಾಬ ಗಾಜಿನ ಗ್ಲಾಸಿಗೆ ಚಹಾ ಹಾಕಿ ತಂದು ಅವಳ ಮುಂದೆ ಕುಕ್ಕಿದ. ಅರ್ಧ ಚೆಲ್ಲಿತು. ರುಕ್ಮವ್ವ ಗ್ಲಾಸು ಎತ್ತಿದಳು. ಔಷಧಕ್ಕೆ ಸುಲಿದ ಬೆರಳಿಗೆ ಗಾಜು ಚುರ್ ಅಂದಿತು. ಕೆಳಗಿಡಲಿಲ್ಲ. ಕುಡಿದಳು. ಬಾಗಿಲಾಚೆ ಕಾಳವ್ವ, ತುಕಾರಾಮ, ಕೇರಿಯ ಹೆಂಗಸರೆಲ್ಲ ಅವಳ ಗಂಟಲು ಏರಿಳಿಯುವುದನ್ನೇ ನೋಡುತ್ತಿದ್ದರು.

"ಬಾಳಾಸಾಬರ, ಸಕ್ಕರಿ ಸಾಲದು."

ಬಾಳಾಸಾಬ ಒಲೆಯ ಕಡೆ ತಿರುಗಿದ್ದ. ಬಾಕಿನ ಮೇಲಿಂದ ಸಕ್ಕರೆ ಕೇಳಿದವರಿಗೆಲ್ಲ ವರ್ಷಗಟ್ಟಲೆ ಒಂದೇ ಉತ್ತರ ಕೊಟ್ಟು ಅವನ ನಾಲಿಗೆ ಪಳಗಿತ್ತು. ಅದು ಮುಖ ನೋಡುವುದಿಲ್ಲ. ದನಿ ಬಂದ ಜಾಗ ನೋಡುತ್ತದೆ.

"ಹಾಂ, ಬಂದೆ, ತಡೀರಿ" ಅಂದುಬಿಟ್ಟ.

ಅಂದ ಮೇಲೆ ಅವನಿಗೇ ಕೇಳಿಸಿತು. ಚಮಚ ಹಿಡಿದ ಕೈ ಸಕ್ಕರೆ ಡಬ್ಬಿಯೊಳಗೇ ನಿಂತಿತು. ರುಕ್ಮವ್ವನನ್ನು ಹುಟ್ಟಿದಾಗಿನಿಂದ ಆ ಊರಲ್ಲಿ ಯಾರೂ ‘ರಿ’ ಹಚ್ಚಿ ಮಾತಾಡಿಸಿರಲಿಲ್ಲ. ಅವಳು ಗ್ಲಾಸು ಹಿಡಿದು ಹಾಗೇ ಕೂತಳು.

ಕಾಳವ್ವ ಹೊಸ್ತಿಲು ದಾಟಿ ಬಂದು ಅವಳ ಪಕ್ಕ ಕೂತಳು. ಮೊಣಕೈಯಿಂದ ತಿವಿದಳು.

"ಅಕ್ಕಾ, ಇನ್ನೊಮ್ಮೆ ಸಕ್ಕರಿ ಕೇಳು."